ಹಿಮ್ಮೇಳದಲ್ಲಿ ಕೂತವನು

ಯಕ್ಷಗಾನದವರ ಮಾತಿನಲ್ಲಿ ಮುಮ್ಮೇಳ, ಹಿಮ್ಮೇಳ ಎಂದು ಎರಡು ಭಾಗಗಳುಂಟು. ವೇಷ ಕಟ್ಟಿ ಕುಣಿಯುವವರದು ಮುಮ್ಮೇಳ. ಹಿಂದೆ ಕೂತು ಹಾಡುವವರದು, ಬಾರಿಸುವವರದು ಹಿಮ್ಮೇಳ. ಹಿಂದೆ ಇರುವವರೆಂದ ಮಾತ್ರಕ್ಕೆ ಅವರೇನೂ ಹಿಂದುಳಿದವರಲ್ಲ. ಭಾಗವತ ಪದ ಎತ್ತದಿದ್ದರೆ ದೇವೇಂದ್ರನಿಗೂ ಹೆಜ್ಜೆಯಿಲ್ಲ. ಚೆಂಡೆ ನಿಂತರೆ ಮಹಿಷಾಸುರನೂ ನಿಂತಲ್ಲೇ ನಿಲ್ಲಬೇಕು. ಆದರೂ ಬೆಳಗಾದ ಮೇಲೆ ಊರವರು ಗದ್ದೆಯ ಬದುವಿನಲ್ಲಿ ನಡೆಯುತ್ತ ಮಾತನಾಡುವುದು ಮಹಿಷಾಸುರನ ಅಬ್ಬರವನ್ನು ಕುರಿತೇ. ನಿನ್ನೆ ಚೆಂಡೆಗೆ ಯಾರಿದ್ದರು ಎಂದು ಕೇಳಿ ನೋಡಿ. ಅನೇಕರು ತಲೆ ಕೆರೆದುಕೊಳ್ಳುತ್ತಾರೆ. ಪೆಟ್ಟು ತಪ್ಪಿದ್ದರೆ ಮಾತ್ರ ಹೆಸರು ನೆನಪಿರುತ್ತಿತ್ತು.

ಇಷ್ಟು ಪೀಠಿಕೆ ಹಾಕಿದ್ದು, ಯಕ್ಷಗಾನದ ಗಾಳಿಯೂ ಸೋಕದ ಒಬ್ಬ ಹಿಮ್ಮೇಳದವನ ಮಾತನ್ನು ಎತ್ತುವುದಕ್ಕಾಗಿ. ಅವನ ಹೆಸರು ನಿಕೊ ಮೆಕ್‌ಬ್ರೇನ್. ಹುಟ್ಟಿದ ಊರು ಲಂಡನ್. ಕಸುಬು ಡ್ರಮ್ ಬಾರಿಸುವುದು. 1982ರ ಡಿಸೆಂಬರಿನಿಂದ 2024ರ ಡಿಸೆಂಬರಿನವರೆಗೆ, ಅಂದರೆ 42 ವರ್ಷ, ಆತ 'ಐರನ್ ಮೇಡನ್' ಎಂಬ ತಂಡದ ಹಿಂದೆ ಕೂತು ಬಾರಿಸಿದ. ಈ ತಂಡದ ಸಂಗೀತಕ್ಕೆ ಹೆವಿ ಮೆಟಲ್ ಎಂದು ಹೆಸರು. ಇದನ್ನು ಕನ್ನಡಿಸಲು ಹೊರಟರೆ 'ಭಾರಲೋಹ' ಎಂದಾಗಿ, ರಸಾಯನಶಾಸ್ತ್ರದ ಅಧ್ಯಾಪಕರು ಅದು ತಮ್ಮ ಸೊತ್ತೆಂದು ಜಗಳಕ್ಕೆ ಬಂದಾರು. ಆದ್ದರಿಂದ ಹೆವಿ ಮೆಟಲ್ ಎಂದೇ ಇರಲಿ.

ಕಪ್ಪು ಅಂಗಿ, ಉದ್ದ ಕೂದಲು, ಕಿವಿಗಡಚಿಕ್ಕುವ ಗದ್ದಲ — ಇವು ಕಣ್ಣ ಮುಂದೆ ಬಂದು ಕೆಲವು ಓದುಗರು ಈಗಾಗಲೇ ಪುಟ ತಿರುಗಿಸುವ ಯೋಚನೆಯಲ್ಲಿರಬಹುದು. ಅವರಲ್ಲಿ ಒಂದು ವಿಜ್ಞಾಪನೆ. ಕೋಲ್‌ರಿಜ್ ಮಹಾಕವಿಯ ಮುದಿ ನಾವಿಕನ ಕಥನಕವನವನ್ನು ಎತ್ತಿಕೊಂಡು, 1984ರಲ್ಲಿ 13 ನಿಮಿಷಕ್ಕೂ ಮೀರಿದ ಹಾಡು ಕಟ್ಟಿದವರು ಇವರೇ. ಬಲಕ್ಲಾವದ ಯುದ್ಧದಲ್ಲಿ, 1854ರಲ್ಲಿ, ತೋಪುಗಳ ಬಾಯಿಗೆ ನುಗ್ಗಿದ ಕುದುರೆ ಸವಾರರನ್ನು ಕುರಿತು ಟೆನಿಸನ್ ಬರೆದ ಪದ್ಯವನ್ನು ನಮ್ಮಲ್ಲಿ ಅನೇಕರು ಕಾಲೇಜಿನಲ್ಲಿ ಉರು ಹೊಡೆದಿದ್ದೇವೆ. ಅದೇ ಸವಾರರನ್ನು ಕುರಿತ 'ದಿ ಟ್ರೂಪರ್' ಎಂಬ ಹಾಡು ಕೂಡ ಇವರದೇ. ನಮ್ಮ ವಿಭಾಗದ ಹಿರಿಯರೊಬ್ಬರು ಒಮ್ಮೆ, "ಏನ್ರೀ, ಪಂಪನ್ನ ಪಾಠ ಮಾಡೋರು ಈ ತಗಡು ಬಡಿಯೋದನ್ನ ಕೇಳ್ತೀರಾ?" ಎಂದು ನನ್ನನ್ನು ವಿಚಾರಿಸಿಕೊಂಡರು. ಪಂಪನ ಯುದ್ಧವರ್ಣನೆಗಳನ್ನು ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿದವರು ಹೀಗೆ ಕೇಳಬಾರದು.

2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಮೊದಲ ಸಲ ಭಾರತಕ್ಕೆ ಬಂತು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಆಟ. ನಾನು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನನ್ನ ವಿದ್ಯಾರ್ಥಿಗಳಿಬ್ಬರ ಜೊತೆ ಹೋಗಿ, ಅವರ ಗೆಳೆಯರಿಗೆ ನಾನು ಮೇಷ್ಟ್ರೆಂದು ಗೊತ್ತಾಗದಂತೆ ಜನರ ನಡುವೆ ಕರಗಿ ನಿಂತೆ. ಎದುರಿಗೆ ಹಾಡುಗಾರ ಬ್ರೂಸ್ ಡಿಕಿನ್‌ಸನ್ ರಂಗದ ಈ ಕೊನೆಯಿಂದ ಆ ಕೊನೆಗೆ ಓಡುತ್ತಿದ್ದ. ಮೂವರು ಗಿಟಾರಿನವರು, ಬೇಸ್ ಗಿಟಾರನ್ನು ಬಂದೂಕಿನ ಹಾಗೆ ಪ್ರೇಕ್ಷಕರತ್ತ ಗುರಿಯಿಟ್ಟುಕೊಂಡ ಸ್ಟೀವ್ ಹ್ಯಾರಿಸ್. 1975ರಲ್ಲಿ ತಂಡ ಕಟ್ಟಿದವನು, ಇಂದಿಗೂ ಅದರ ಯಜಮಾನ, ಈ ಹ್ಯಾರಿಸ್. ಇವರ ಆಟಗಳಲ್ಲಿ ಎಡ್ಡಿ ಎಂಬ ಪ್ರೇತರೂಪದ ದೊಡ್ಡ ಆಕೃತಿಯೊಂದು ರಂಗಕ್ಕೆ ಬರುವ ಸಂಪ್ರದಾಯವುಂಟು. ನಮ್ಮ ಬಣ್ಣದ ವೇಷಕ್ಕೆ ದೂರದ ದಾಯಾದಿಯೆಂದು ತಿಳಿಯಿರಿ. ಮುಮ್ಮೇಳ ಹೀಗೆ ಭರ್ಜರಿಯಾಗಿತ್ತು. ಡ್ರಮ್ಮಿನವನು ಎಲ್ಲಿ ಎಂದು ನೋಡಿದರೆ, ಆತ ಕಾಣುವುದೇ ಇಲ್ಲ! ಡ್ರಮ್ಮುಗಳ, ಕಂಚಿನ ತಟ್ಟೆಗಳ ಒಂದು ಕೋಟೆ. ಕೋಟೆಯ ಮೇಲೆ ಆಗಾಗ ಎರಡು ಕೋಲುಗಳ ತುದಿ ಮಿಂಚಿ ಮಾಯವಾಗುತ್ತಿತ್ತು, ಅಷ್ಟೆ.

ಹಾಗೆ ಕಾಣದಿರುವುದು ಆ ದಿನದ ಆಕಸ್ಮಿಕವಲ್ಲ, ಆತನ ಪದ್ಧತಿಯೇ ಹಾಗೆ. ವಾದ್ಯಗಳನ್ನು ಅಷ್ಟು ಎತ್ತರಕ್ಕೆ ಕಟ್ಟಿಕೊಂಡು, ಅದರೊಳಗೆ ಬಾವಿಯಲ್ಲಿ ಕೂತಂತೆ ಕೂತು ಬಾರಿಸುತ್ತಿದ್ದ. ಅದೂ ಬರಿಗಾಲಲ್ಲಿ.

ಬರಿಗಾಲಿನ ಮಾತು ಬಂತಾದ್ದರಿಂದ ಈ ವಾದ್ಯದ ಕಷ್ಟವನ್ನು ಸ್ವಲ್ಪ ಹೇಳಬೇಕು. ಮೃದಂಗಕ್ಕೆ, ಮದ್ದಳೆಗೆ ಎರಡು ಕೈ ಸಾಕು. ಡ್ರಮ್ಮಿನವನಿಗೆ ಕೈಕಾಲು ನಾಲ್ಕಕ್ಕೂ ಬೇರೆ ಬೇರೆ ಉದ್ಯೋಗ. ಬಲಗಾಲು ತುಳಿಯುವ ಮೆಟ್ಟಿನಿಂದ ಎದುರಿನ ದೊಡ್ಡ ಡ್ರಮ್ಮಿಗೆ ಪೆಟ್ಟು ಬೀಳುತ್ತದೆ. ಎಡಗಾಲು ಒಂದರ ಮೇಲೊಂದು ಕವುಚಿದ ಜೋಡಿ ತಾಳವನ್ನು ತೆರೆದು ಮುಚ್ಚುತ್ತಿರಬೇಕು. ಎಡಗೈ ಮಂಡಿಗಳ ನಡುವಿನ ಸಣ್ಣ ಡ್ರಮ್ಮನ್ನು ಚಟೀರೆನಿಸುತ್ತಿದ್ದರೆ, ಬಲಗೈ ತಟ್ಟೆಯ ಮೇಲೆ ಕಾಲವನ್ನು ಎಣಿಸುತ್ತಿರುತ್ತದೆ. ಇಷ್ಟರ ನಡುವೆ ಹಾಡಿನ ಒಂದು ಭಾಗ ಮುಗಿದು ಇನ್ನೊಂದಕ್ಕೆ ದಾಟುವಾಗ ಎರಡು ಕೈಗಳೂ ಸುತ್ತಲಿನ ಡ್ರಮ್ಮುಗಳ ಮೇಲೆ ಒಂದು ಸುತ್ತು ಓಡಿ ಬರಬೇಕು. ನಮ್ಮ ಕಡೆಯ ಬಿಡ್ತಿಗೆಯ ಜಾತಿಗೆ ಸೇರಿದ ಕೆಲಸ ಅದು. ಅವಧಾನಿಗಳು ಒಂದೇ ಮನಸ್ಸನ್ನು ಎಂಟು ಕಡೆ ಹಂಚುತ್ತಾರೆಂದು ನಾವು ಬೆರಗಾಗುತ್ತೇವೆ. ಒಂದೇ ಮೈಯನ್ನು ನಾಲ್ಕು ಕಡೆ ಹಂಚುವುದು ಅದಕ್ಕಿಂತ ಸುಲಭವೆಂದು ನನಗೆ ತೋರುವುದಿಲ್ಲ.

ಹೆವಿ ಮೆಟಲ್ ವಾದಕರಲ್ಲಿ ಬಹುಮಂದಿ ಎರಡು ಕಾಲಿನಲ್ಲೂ ದೊಡ್ಡ ಡ್ರಮ್ಮನ್ನೇ ಬಡಿಯುತ್ತಾರೆ; ಅದಕ್ಕೆಂದೇ ಜೋಡಿ ಮೆಟ್ಟುಗಳಿವೆ. ಗುಡುಗು ಹುಟ್ಟಿಸುವುದಕ್ಕೆ ಅದು ಹತ್ತಿರದ ದಾರಿ. ನಿಕೊ ಆ ದಾರಿ ಹಿಡಿಯಲಿಲ್ಲ. ಒಂದೇ ಡ್ರಮ್ಮು, ಒಂದೇ ಮೆಟ್ಟು, ಒಂದೇ ಪಾದ. ಇಬ್ಬರು ಮಾಡುವ ಕೆಲಸವನ್ನು ಒಂದೇ ಪಾದದಿಂದ ಮಾಡಿಸುವುದು ಅವನ ಹಟವೋ ಹೆಮ್ಮೆಯೋ! 2003ರ 'ಡಾನ್ಸ್ ಆಫ್ ಡೆತ್' ಎಂಬ ಧ್ವನಿಮುದ್ರಿಕೆಯ ಒಂದು ಹಾಡಿಗೆ ಜೋಡಿ ಮೆಟ್ಟನ್ನು ಬಳಸಿದಾಗ ಅಭಿಮಾನಿಗಳಲ್ಲಿ ಅದೇ ಒಂದು ಸುದ್ದಿಯಾಯಿತು. ಕೇಳುವವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆಯೆ? ಗೊತ್ತಾಗುತ್ತದೆ. ಎರಡು ಕಾಲಿನ ಪೆಟ್ಟು ಯಂತ್ರದ ಹಾಗೆ ಸಮನಾಗಿ ಉರುಳುತ್ತದೆ. ಒಂದೇ ಪಾದದ ಪೆಟ್ಟಿನಲ್ಲಿ ಉಸಿರು ತೆಗೆದುಕೊಳ್ಳುವ ಪ್ರಾಣಿಯೊಂದರ ಓಟವಿದೆ. ಕುದುರೆಗಳ ಹಾಡಿಗೆ ಅದೇ ತಕ್ಕದ್ದು.

ಆತನ ಬಾಲ್ಯ ದೊಡ್ಡ ಕಥೆಯೇನಲ್ಲ. ತಂದೆತಾಯಿ ಇಟ್ಟ ಹೆಸರು ಮೈಕೇಲ್ ಹೆನ್ರಿ. ಜನನ 1952ರ ಜೂನ್ 5, ಲಂಡನ್ನಿನ ಹ್ಯಾಕ್ನಿಯಲ್ಲಿ. ನಿಕೊಲಸ್ ಎಂಬ ಗೊಂಬೆ ಕರಡಿಯನ್ನು ಬಿಟ್ಟಿರದ ಕಾರಣ ಮನೆಯವರು ಅವನನ್ನೂ ನಿಕಿ ಎಂದು ಕರೆದು, ಅದು ಮುಂದೆ ನಿಕೊ ಆಯಿತು. ಡೇವ್ ಬ್ರೂಬೆಕ್ ಎಂಬ ಪ್ರಸಿದ್ಧ ಜ್ಯಾಜ್ ಸಂಗೀತಗಾರನ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಜೋ ಮೊರೆಲ್ಲೊ ಈ ಹುಡುಗನ ತಲೆ ಕೆಡಿಸಿದ. ಅಂದಿನಿಂದ ಅಡಿಗೆಮನೆಯ ಸಾಮಾನೆಲ್ಲ ವಾದ್ಯವಾಯಿತು. 12ನೆಯ ವಯಸ್ಸಿನಲ್ಲಿ ತಂದೆತಾಯಿ ನಿಜವಾದ ಡ್ರಮ್ಮುಗಳನ್ನೇ ಕೊಡಿಸಿದರು; ಪಾತ್ರೆಗಳನ್ನು ಉಳಿಸಿಕೊಳ್ಳುವುದಕ್ಕೆ ಬೇರೆ ದಾರಿ ಇರಲಾರದು. ಹೆವಿ ಮೆಟಲ್‌ನ ಈ ಹಿರಿಯನ ಮೊದಲ ಗುರು ಜ್ಯಾಜ್‌ನವನು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಅವನ ಪೆಟ್ಟಿನಲ್ಲಿರುವ ಬಳುಕು ಅಲ್ಲಿಂದ ಬಂದದ್ದು.

ಆಮೇಲೆ ಹಲವು ತಂಡಗಳ ಅಲೆದಾಟ. 'ಸ್ಟ್ರೀಟ್‌ವಾಕರ್ಸ್', ಪ್ಯಾಟ್ ಟ್ರ್ಯಾವರ್ಸ್‌ನ ತಂಡ, ಕೊನೆಗೆ 'ಟ್ರಸ್ಟ್' ಎಂಬ ಫ್ರೆಂಚ್ ತಂಡ. ಈ ಟ್ರಸ್ಟ್ 1981ರಲ್ಲಿ ಐರನ್ ಮೇಡನ್ ಜೊತೆ ಪ್ರವಾಸ ಮಾಡಿತು, ಪರಿಚಯವಾದದ್ದು ಹಾಗೆ. ಮೇಡನ್ ತಂಡದಲ್ಲಿ ಆಗ ಡ್ರಮ್ಮಿಗಿದ್ದವನು ಕ್ಲೈವ್ ಬರ್. 1982ರ ಕೊನೆಯಲ್ಲಿ ಬರ್ ತಂಡದಿಂದ ಹೊರಬಿದ್ದ. ಯಾಕೆ, ಹೇಗೆ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ಆ ಜಾಗಕ್ಕೆ ನಿಕೊ ಬಂದ. ಬರ್ ಹೋಗಿ ಸೇರಿದ್ದು ಟ್ರಸ್ಟ್ ತಂಡವನ್ನು! ಇಬ್ಬರೂ ಪೀಠ ಅದಲುಬದಲು ಮಾಡಿಕೊಂಡಂತಾಯಿತು. 1983ರಲ್ಲಿ ಹೊರಬಂದ 'ಪೀಸ್ ಆಫ್ ಮೈಂಡ್' ನಿಕೊ ಬಾರಿಸಿದ ಮೊದಲ ಮುದ್ರಿಕೆ. ಅದರ ಮೊದಲ ಹಾಡು ಗಿಟಾರಿನಿಂದಲ್ಲ, ಮಾತಿನಿಂದಲ್ಲ, ಡ್ರಮ್ಮಿನ ಒಂದು ಸುತ್ತಿನಿಂದ ಶುರುವಾಗುತ್ತದೆ. ಹೊಸ ಅಳಿಯನನ್ನು ಬಾಗಿಲಲ್ಲೇ ಆರತಿ ಎತ್ತಿ ಒಳಗೆ ಕರೆದಂತೆ.

ಕ್ಲೈವ್ ಬರ್‌ನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಮುಂದೆ ಅವನಿಗೆ ನರಗಳನ್ನು ಮೆಲ್ಲಮೆಲ್ಲನೆ ಕೆಡಿಸುವ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ರೋಗ ಬಂತು. ಕೈಕಾಲುಗಳಿಂದಲೇ ಬದುಕಿದವನಿಗೆ ಬರಬಾರದ ರೋಗ. 2002ರ ಮಾರ್ಚ್‌ನಲ್ಲಿ ಹಳೆಯ ತಂಡದವರು ಅವನ ಸಹಾಯಾರ್ಥವಾಗಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಮೂರು ಸಂಜೆ ನುಡಿಸಿದರು. ಯಾರ ಪೀಠದಲ್ಲಿ ತಾನು ಕೂತಿದ್ದನೋ ಅವನ ಔಷಧಕ್ಕಾಗಿ ನಿಕೊ ಬಾರಿಸಿದ. ಬರ್ 2013ರ ಮಾರ್ಚ್‌ನಲ್ಲಿ 56ನೆಯ ವಯಸ್ಸಿನಲ್ಲಿ ತೀರಿಕೊಂಡ.

ನಿಕೊ ಮಾತುಗಾರ, ನಗೆಗಾರ. 1990ರಲ್ಲಿ ತಂಡದ ಹಳೆಯ ಹಾಡುಗಳನ್ನು ಹತ್ತು ಕಂತುಗಳಲ್ಲಿ ಮತ್ತೆ ಹೊರತಂದಾಗ, ಪ್ರತಿ ಕಂತಿನ ಕೊನೆಗೂ ಅವನ ಹರಟೆಯನ್ನೇ ಮುದ್ರಿಸಿ ಸೇರಿಸಿದರು. ಇಷ್ಟು ಮಾತು ಬಲ್ಲವನ ಹೆಸರು ಒಂದು ಹಾಡಿನ ಕರ್ತೃಗಳ ಸಾಲಿನಲ್ಲಿ ಬಂದದ್ದು ಮಾತ್ರ 2003ರಲ್ಲಿ. ತಂಡ ಸೇರಿ 20 ವರ್ಷ ಕಳೆದ ಮೇಲೆ! ಹಿಮ್ಮೇಳದವರ ತಾಳ್ಮೆ ಇಂಥದು. 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದು ಊಟದ ಹೋಟೆಲನ್ನೂ ತೆರೆದ. ಅಡಿಗೆಮನೆಯ ಸಹವಾಸ ಹಳೆಯದಷ್ಟೆ.

ಇನ್ನು ನಾನು ಈ ಬರೆಹಕ್ಕೆ ಕೈಹಾಕಿದ ನಿಜವಾದ ಕಾರಣ. 2023ರ ಜನವರಿಯಲ್ಲಿ, 70 ದಾಟಿದ್ದ ನಿಕೊಗೆ ಲಕ್ವ ಹೊಡೆಯಿತು. ಸಣ್ಣ ಪ್ರಮಾಣದ್ದೆಂದು ವೈದ್ಯರು ಅದಕ್ಕೆ ಬೇರೆ ಹೆಸರು ಕೊಡುತ್ತಾರೆ. ಆದರೆ ಬಲಭುಜದಿಂದ ಕೆಳಗೆ ಮೈ ಸ್ವಾಧೀನ ತಪ್ಪಿದವನಿಗೆ ಯಾವುದು ಸಣ್ಣದು? ಕಾಲವನ್ನು ಎಣಿಸುವ ಬಲಗೈ. ಒಂದೇ ಒಂದು ಮೆಟ್ಟನ್ನು ತುಳಿಯುವ ಆ ಬಲಪಾದ. ಮೇ ತಿಂಗಳ ಕೊನೆಗೆ ತಂಡದ ದೊಡ್ಡ ಪ್ರವಾಸ ಗೊತ್ತಾಗಿತ್ತು.

ಇದನ್ನು ಓದಿದಾಗ ನನಗೆ ನನ್ನ ಸೋದರಮಾವನ ನೆನಪಾಗದೆ ಹೋಗುವುದು ಸಾಧ್ಯವಿರಲಿಲ್ಲ. ಮಾವ ಮದ್ದಳೆಗಾರರು. ಒಂದು ಮೇಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ತಿರುಗಾಟ ಮಾಡಿದವರು. ಒಂದು ವರ್ಷ ತಿರುಗಾಟದ ನಡುವಿನಲ್ಲೇ ಅವರಿಗೂ ಬಲಭಾಗಕ್ಕೆ ಲಕ್ವ ಹೊಡೆಯಿತು. ಮರುದಿನದ ಆಟಕ್ಕೆ ಬೇರೊಬ್ಬರು ಬಂದರು. ಆಟ ನಿಲ್ಲುವಂತಿಲ್ಲ, ನಲವತ್ತು ಮನೆಯ ಅನ್ನ ಅದರ ಮೇಲೆ ನಿಂತಿರುತ್ತದೆ. ಅದನ್ನು ಮಾವನೂ ತಪ್ಪೆನ್ನಲಿಲ್ಲ. ತಪ್ಪೆನಿಸಿದ್ದು, ಆ ಮೇಳದ ಯಜಮಾನರು ಆ ಮೇಲೆ ಒಮ್ಮೆಯಾದರೂ, "ಹೇಗಿದ್ದೀರಿ? ಯಾವಾಗ ಬರ್ತೀರಿ?" ಎಂದು ಕೇಳಿಸದಿದ್ದದ್ದು. ಬರುವುದಿಲ್ಲವೆಂದು ಅವರಿಗೆ ಗೊತ್ತಿದ್ದಿರಬಹುದು. ಆದರೂ ಕೇಳಬೇಕಾಗಿತ್ತು.

ವರ್ಷ ಕಳೆದು ಮಾವ ಕೋಲೂರಿ ನಡೆಯುವಂತಾದರು. ಬೆರಳು ಕೂಡ ಸ್ವಲ್ಪ ಆಡುತ್ತಿತ್ತು. ಮದ್ದಳೆ ಅಟ್ಟದ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿತ್ತು. ನಾನು ರಜೆಯಲ್ಲಿ ಹೋದಾಗ, "ಮಾವ, ಇಳಿಸಿ ಕೊಡ್ತೇನೆ, ಒಮ್ಮೆ ಬಾರಿಸಿ ನೋಡಿ. ನಿಧಾನದ ಪದಕ್ಕಾದರೂ ಆಗ್ತದೆ" ಎಂದೆ. "ಎಡಗೈ ಕಾಯ್ತದೆ ಮಾರಾಯ, ಬಲಗೈ ಬರುದಿಲ್ಲ. ಅರ್ಧ ಮದ್ದಳೆ ಯಾರಿಗೆ ಬೇಕು?" ಎಂದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಸಂಜೆ ಜಗಲಿಯಲ್ಲಿ ಕೂತಾಗ ಎಡಗೈ ತಾನಾಗಿಯೇ ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ನಡುನಡುವೆ ಬಲಗೈಗಾಗಿ ಜಾಗ ಬಿಟ್ಟು.

ನಿಕೊ ಹತ್ತು ವಾರ ದಿನವೂ ಕಠಿಣವಾದ ಅಂಗಸಾಧನೆ ಮಾಡಿದ. ಕಳೆದುಹೋದದ್ದರಲ್ಲಿ ಸುಮಾರು 70 ಪಾಲು ಹಿಂದಕ್ಕೆ ಬಂತಂತೆ. ಮಿಕ್ಕ 30 ಪಾಲನ್ನು ಕಟ್ಟಿಕೊಂಡೇ ಮೇ ತಿಂಗಳಲ್ಲಿ ತಾಲೀಮಿಗೆ ಹೋದ. ಮೇ 28ರಂದು ಸ್ಲೊವೇನಿಯಾದ ಲ್ಯುಬ್ಲಿಯಾನಾ ನಗರದಲ್ಲಿ ಪ್ರವಾಸದ ಮೊದಲ ಆಟ. ಕೋಟೆಯೊಳಗೆ ಕೂತು ಬಾರಿಸಿದ. ಹೊರಗಿನವರಿಗೆ ವಿಷಯ ತಿಳಿದದ್ದು ಆಗಸ್ಟ್‌ನಲ್ಲಿ, ಆತನೇ ಹೇಳಿದಾಗ. ಅಲ್ಲಿಯವರೆಗೆ ಎರಡು ತಿಂಗಳು ಸಾವಿರಾರು ಜನ ಎದುರಿಗೆ ನಿಂತು ಕೇಳಿದ್ದರು. ಯಾರಿಗೂ ಕಾಣದ ಹಾಗೆ ಕೂರುವ ಆ ಹಳೆಯ ಅಭ್ಯಾಸ ಈಗ ಉಪಕಾರಕ್ಕೆ ಬಂತೆಂದು ಕಾಣುತ್ತದೆ.

ಎಲ್ಲವೂ ಮೊದಲಿನಂತಿರಲಿಲ್ಲ ಎಂಬುದನ್ನು ಆತ ಮುಚ್ಚಿಡಲಿಲ್ಲ. 'ದಿ ಟ್ರೂಪರ್' ಹಾಡಿನ ಅತಿವೇಗದ ಸುತ್ತುಗಳು ಬಲಗೈಗೆ ನಿಲುಕದಾದವು. 40 ವರ್ಷ ಹಿಂದೆ ತಾನೇ ಕಟ್ಟಿದ ಸುತ್ತುಗಳು ಅವು. ಆತ ಮಾಡಿದ್ದೇನೆಂದರೆ, ಅವನ್ನು ಬಿಟ್ಟು, ಕೈಗೆ ಎಟುಕುವ ಬೇರೆ ಪೆಟ್ಟುಗಳನ್ನು ಹಾಕಿಕೊಂಡ. ಆ ಪ್ರವಾಸದ ಧ್ವನಿಯನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಹಳೆಯ ಸುತ್ತು ಬರಬೇಕಾದಲ್ಲಿ ಸ್ವಲ್ಪ ಬಯಲು ಬಿಟ್ಟಂತಿದೆ. ಆದರೆ ಕಾಲ ಕೆಟ್ಟಿಲ್ಲ. ಹ್ಯಾರಿಸ್‌ನ ಬೇಸ್ ಗಿಟಾರು ಆ ಬಯಲಿನಲ್ಲೂ ಒಂದೇ ಸಮನೆ ಓಡುತ್ತಿರುತ್ತದೆ. ಪೆಟ್ಟು ಕಡಿಮೆಯಾಯಿತೆಂದು ಮೂಗು ಮುರಿದವರೂ ಇದ್ದಾರೆ. ಅವರು ಪೆಟ್ಟು ಎಣಿಸಲು ಬಂದವರು. ಅವರಿಗೆ ಜೋಡಿ ಮೆಟ್ಟಿನವರ ಬಳಿ ಬೇಕಾದಷ್ಟು ಸಿಗುತ್ತದೆ.

ಮಾವ ಅರ್ಧ ಮದ್ದಳೆ ಬೇಡವೆಂದರು. ನಿಕೊ ಮುಕ್ಕಾಲು ಡ್ರಮ್ಮಿಗೆ ಒಪ್ಪಿದ. ಇವರಲ್ಲಿ ಯಾರು ಸರಿ ಎಂದು ತೂಗಿ ನೋಡುವ ಚಪಲ ನನಗೆ ಬಹಳ ದಿನ ಇತ್ತು. ಈಗ ಪ್ರಶ್ನೆಯೇ ಬೇರೆ ಎನಿಸುತ್ತದೆ. ಮಾವನಿಗೆ ಹತ್ತು ವಾರ ಕೊಡುವವರು ಯಾರಿದ್ದರು? ತಿರುಗಾಟದ ಕಲಾವಿದನಿಗೆ ಆಟವಿದ್ದ ದಿನ ಸಂಬಳ. ಅಂಗಸಾಧನೆ ಕಲಿಸುವ ವೈದ್ಯರಿದ್ದದ್ದು ಎರಡು ಬಸ್ಸು ಬದಲಿಸಿ ಹೋಗಬೇಕಾದ ಪೇಟೆಯಲ್ಲಿ. ವಾರಕ್ಕೊಮ್ಮೆ ಹೋಗುವುದೇ ಹೆಚ್ಚು. ಹ್ಯಾರಿಸ್ ಮತ್ತು ಸಂಗಡಿಗರು ಮುಕ್ಕಾಲನ್ನು ಇಟ್ಟುಕೊಂಡು ಆಟ ನಡೆಸಲು ಸಿದ್ಧರಿದ್ದರು. ಅವರಿಗೆ ಅದು ನಡೆಯುತ್ತಿತ್ತು ಕೂಡ. ಹಟ, ಛಲ, ಮನೋಬಲ ಎಂದು ಇಂಥ ಕಥೆಗಳನ್ನು ಹೇಳುವಾಗ ನಾವು ಒಬ್ಬನ ಎದೆಗೇ ಎಲ್ಲವನ್ನೂ ಹೊರಿಸಿಬಿಡುತ್ತೇವೆ. ಅವನಿಗಾಗಿ ಕಾದವರ ಲೆಕ್ಕವನ್ನೂ ಬರೆಯಬೇಕಲ್ಲವೆ? ಮಾವನಲ್ಲಿ ಛಲ ಕಡಿಮೆಯಿತ್ತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ.

ಆ ಪ್ರವಾಸ ಮುಂದಿನ ವರ್ಷದ ಕೊನೆಯವರೆಗೂ ನಡೆಯಿತು. 2024ರ ಡಿಸೆಂಬರ್ 7ರಂದು ಬ್ರೆಜಿಲ್ ದೇಶದ ಸಾವೊ ಪಾವ್ಲೊ ನಗರದಲ್ಲಿ ಕೊನೆಯ ಆಟ. ಅಂದೇ, ಆಟಕ್ಕೆ ಮುಂಚೆ, ಇನ್ನು ಮೇಲೆ ತಾನು ಪ್ರವಾಸ ಹೋಗುವುದಿಲ್ಲವೆಂದು ನಿಕೊ ತಿಳಿಸಿದ. ತಂಡ ತೆಗೆದದ್ದಲ್ಲ, ಕೈ ಪೂರ್ತಿ ಕೈಕೊಟ್ಟದ್ದೂ ಅಲ್ಲ, ಸಾಕೆನಿಸಿದಲ್ಲಿ ಎದ್ದ. ಪ್ರಾಯ 72. ನಾನು ಆ ದಿನ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದೆ. ಸುದ್ದಿ ತಿಳಿಸಿದವನು 2007ರಲ್ಲಿ ನನ್ನನ್ನು ಮೈದಾನಕ್ಕೆ ಕರೆದೊಯ್ದ ವಿದ್ಯಾರ್ಥಿ. ಈಗ ಅವನ ತಲೆಯಲ್ಲೂ ಕೂದಲು ಉದ್ದವಿಲ್ಲ, ಹೆಚ್ಚೂ ಇಲ್ಲ. "ಸಾರ್, ಆವತ್ತು ನಾವು ಅವನ ಮುಖ ಸರಿಯಾಗಿ ನೋಡಲೇ ಇಲ್ಲ ಅಲ್ವಾ?" ಎಂದ. ನೋಡಿರಲಿಲ್ಲ.

ಮರುದಿನವೇ ಉತ್ತರಾಧಿಕಾರಿಯ ಹೆಸರು ಹೊರಬಿತ್ತು: ಸೈಮನ್ ಡಾಸನ್. ಹ್ಯಾರಿಸ್ ನಡೆಸುವ ಇನ್ನೊಂದು ತಂಡದಲ್ಲಿ ಬಾರಿಸುತ್ತಿದ್ದವನು. 2025ರ ಮೇ 27ರಂದು ಬುಡಾಪೆಸ್ಟ್ ನಗರದಲ್ಲಿ ಹೊಸ ಪ್ರವಾಸ ಆರಂಭವಾಯಿತು. ಮೊದಲು ಎತ್ತಿಕೊಂಡ ಹಾಡು 1981ರದು, ಕ್ಲೈವ್ ಬರ್ ಬಾರಿಸಿದ್ದು. ನಿಕೊ ತನ್ನ 42 ವರ್ಷಗಳಲ್ಲಿ ಬರ್‌ನ ಹಾಡುಗಳನ್ನು ತನ್ನ ಕೈಯಲ್ಲಿ ನಡೆಸಿಕೊಂಡು ಬಂದಿದ್ದ. ಈಗ ಇಬ್ಬರ ಹಾಡುಗಳೂ ಮೂರನೆಯವನ ಕೈಗೆ ಬಂದವು. ಆ ಸಂಜೆಯ ಆಟದಲ್ಲಿ ಕೋಲ್‌ರಿಜ್‌ನ ಮುದಿ ನಾವಿಕನೂ ಇದ್ದ, 'ದಿ ಟ್ರೂಪರ್' ಕೂಡ ಇತ್ತು.